ಚೀಟಿ ಹಿಡಿದು ಅರಮನೆ ನೋಡಿದ್ದು: ನನ್ನ ಅನುಭವ

ಇದು ಲಂಡನ್ ಸುತ್ತಮುತ್ತ ಇದ್ದು, ಬೇಸಿಗೆ ಬಂತೆಂದರೆ ಊರಿನ ಹಿರಿಯರನ್ನು ಅರಮನೆಗೆ ಕರೆದೊಯ್ಯುವ ನನ್ನಂಥವರಿಗೆ ಬರೆದದ್ದು. ಬಸ್ಸು ರೈಲಿನ ಆಯ್ಸ್ಟರ್ ಕಾರ್ಡು, ಚಿತ್ರಾನ್ನದ ಡಬ್ಬಿ, ಮಂಡಿನೋವಿನ ಮುಲಾಮು, ಇದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಮೂರು ವರ್ಷದ ಕೆಳಗೆ ನಾನು ಡಿಕ್ಷನರಿ ಇಟ್ಟುಕೊಂಡು ಅರಮನೆ ತೋರಿಸುತ್ತೇನೆ ಅಂದಾಗ ನಮ್ಮ ಯಜಮಾನರೇ ನಕ್ಕಿದ್ದರು. ಸ್ನೇಹಿತೆಯೊಬ್ಬಳು "ಅರಮನೆಗೆ ಹೋಗ್ತಿದೀಯೋ, ಟ್ಯೂಷನ್‌ಗೋ?" ಅಂದಳು. ಈಗ ಅದೇ ಸ್ನೇಹಿತೆ, ನಾನು ಕೋಣೆಗೊಂದರಂತೆ ಚೀಟಿಯಲ್ಲಿ ಬರೆದಿಟ್ಟ ಇಂಗ್ಲಿಷ್ ಪದಗಳ ಪಟ್ಟಿ ಕೊಡು ಅಂತ ಕೇಳುತ್ತಿದ್ದಾಳೆ. ಅದಕ್ಕೇ ಈ ಬರಹ.

ಮೊದಲು ದುಡ್ಡು ಹಾಳಾದ ಕತೆ. ಅತ್ತೆ, ಮಾವ ಅರಸೀಕೆರೆಯಿಂದ ಮೊದಲ ಸಲ ಬಂದ ಬೇಸಿಗೆಯಲ್ಲಿ ನಾನು ಮೂರು ದಿನಕ್ಕೆ ಮೂರು ಅರಮನೆ ಇಟ್ಟುಕೊಂಡೆ. ಟವರ್ ಆಫ್ ಲಂಡನ್, ಹ್ಯಾಂಪ್ಟನ್ ಕೋರ್ಟ್, ಕೆನ್ಸಿಂಗ್ಟನ್. ಬಿಡಿ ಟಿಕೆಟ್ಟು. ನಾಲ್ಕು ದೊಡ್ಡವರು, ಎರಡು ಮಕ್ಕಳು. ಊಟ, ರೈಲು ಸೇರಿ ನಾನೂರು ಪೌಂಡಿಗೆ ಹತ್ತಿರ ಹೋಯಿತು ಅಂತ ನೆನಪು. ಮಾವ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಕಿವಿಗೆ ಆಡಿಯೋ ಗೈಡ್ ಹಾಕಿಕೊಂಡು ಹತ್ತು ನಿಮಿಷ ನಡೆದರು. ಆಮೇಲೆ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತುಬಿಟ್ಟರು. ರಾತ್ರಿ "ಏನು ನೋಡಿದ್ರಿ ಮಾವ?" ಅಂದೆ. "ಚೆನ್ನಾಗಿತ್ತಮ್ಮ. ಮೈಸೂರು ಅರಮನೆ ಥರಾನೇ. ಬಣ್ಣ ಕಡಿಮೆ" ಅಂದರು. ನಾನೂರು ಪೌಂಡಿಗೆ ಸಿಕ್ಕ ಉತ್ತರ ಅದು.

ಎರಡನೇ ವರ್ಷ ಸದಸ್ಯತ್ವ ತೆಗೆದುಕೊಂಡೆ. ಹಿಸ್ಟಾರಿಕ್ ರಾಯಲ್ ಪ್ಯಾಲೆಸಸ್ ಅನ್ನುವ ಸಂಸ್ಥೆ ಆರು ಜಾಗ ನೋಡಿಕೊಳ್ಳುತ್ತದೆ. ಈ ಮೂರರ ಜೊತೆಗೆ ಬ್ಯಾಂಕ್ವೆಟಿಂಗ್ ಹೌಸ್, ಕ್ಯೂ ಅರಮನೆ, ಉತ್ತರ ಐರ್ಲೆಂಡಿನ ಹಿಲ್ಸ್‌ಬರೋ. ಒಂದು ಸಲ ಕಟ್ಟಿದರೆ ವರ್ಷವಿಡೀ ಎಷ್ಟು ಸಲ ಬೇಕಾದರೂ ಹೋಗಬಹುದು. ನಮ್ಮ ಮನೆಗೆ ನೂರು ಚಿಲ್ಲರೆ ಪೌಂಡ್ ಆಗಿತ್ತು, ಈಗ ಜಾಸ್ತಿ ಆಗಿರಬಹುದು. ಎಲ್ಲ ಅರಮನೆಗೂ ಇದೊಂದೇ ಕಾರ್ಡು ಅಂದುಕೊಂಡು ವಿಂಡ್ಸರ್ ಬಾಗಿಲಿಗೂ ಜಂಬದಿಂದ ಹೋದೆ. ಅಲ್ಲಿ ನಡೆಯಲಿಲ್ಲ. ವಿಂಡ್ಸರ್, ಬಕಿಂಗ್‌ಹ್ಯಾಮ್ ಬೇರೆಯವರ ಕೈಯಲ್ಲಿವೆ. ಮಳೆಯಲ್ಲಿ ನಿಂತು ಮತ್ತೆ ಟಿಕೆಟ್ ತೆಗೆದುಕೊಂಡೆವು.

ಡಿಕ್ಷನರಿ ಯೋಚನೆ ಹುಟ್ಟಿದ್ದು ಅತ್ತೆಯಿಂದ. ಹ್ಯಾಂಪ್ಟನ್ ಕೋರ್ಟಿನ ಅಡುಗೆಮನೆ ನೋಡುವಾಗ 'ಬಟರಿ' ಅನ್ನುವ ಮಾತು ಅವರ ಕಿವಿಗೆ ಬಿತ್ತು. "ಬೆಣ್ಣೆ ಕಡೆಯೋ ಜಾಗವೇನೇ?" ಅಂದರು. ನಾನು ಹೌದು ಅಂದೆ. ಮನೆಗೆ ಬಂದು ಸುಮ್ನೆ ನೋಡಿದರೆ ಬೆಣ್ಣೆಗೂ ಅದಕ್ಕೂ ಸಂಬಂಧವೇ ಇಲ್ಲ! ಹೆಂಡ, ಬಿಯರಿನ ಪೀಪಾಯಿ ಇಡುವ ಕೋಣೆ. ಪೀಪಾಯಿಗೆ ಇದ್ದ ಹಳೆಯ ಮಾತಿನಿಂದ ಬಂದದ್ದು. ಪ್ಯಾಂಟ್ರಿ ಅಂದರೆ ಬ್ರೆಡ್ಡಿನ ಕೋಣೆ. ಲಾರ್ಡರ್ ಅಂದರೆ ಮೂಲದಲ್ಲಿ ಹಂದಿ ಮಾಂಸದ ಕೋಣೆ. ಅತ್ತೆಗೆ ಹೇಳಿದೆ. ದಿನಕ್ಕೆ ಎರಡು ಹೊತ್ತು ಆರುನೂರು ಜನಕ್ಕೆ ಅಡುಗೆಯಾಗುತ್ತಿದ್ದ ಮನೆ ಅದು ಅಂತ ಹೇಳಿದಾಗ ಅವರಿಗೆ ಏನೂ ಅನ್ನಿಸಿರಲಿಲ್ಲ. ಬೆಣ್ಣೆ ಕತೆಯನ್ನು ಮಾತ್ರ ಊರಿಗೆ ಫೋನ್ ಮಾಡಿ ಮೂರು ಜನಕ್ಕೆ ಹೇಳಿದರು. ನನಗೆ ತಲೆಗೆ ಹೊಳೆದದ್ದು ಅಲ್ಲೇ.

ಹೊಳೆದ ಮೇಲೂ ಎರಡು ಸಲ ಕೆಡಿಸಿದೆ. ಒಮ್ಮೆ ಚಾರಿಟಿ ಅಂಗಡಿಯಲ್ಲಿ ಮೂರು ಪೌಂಡಿಗೆ ಸಿಕ್ಕ ದಪ್ಪ ನಿಘಂಟನ್ನು ಬ್ಯಾಗಿನಲ್ಲಿ ಹೊತ್ತು ಹೋದೆ. ಮಧ್ಯಾಹ್ನದ ಹೊತ್ತಿಗೆ ಭುಜ ಬಿದ್ದುಹೋಯಿತು. ಇನ್ನೊಮ್ಮೆ ನಲವತ್ತು ಪದ ಪ್ರಿಂಟ್ ಮಾಡಿ ಎಲ್ಲರಿಗೂ ಹಂಚಿದೆ. ಮಗಳು ಅದನ್ನು ನೋಡಿ "ಇದು ಹೋಮ್‌ವರ್ಕ್" ಅಂದಳು. ಮಗ ಅದರಲ್ಲಿ ದೋಣಿ ಮಾಡಿದ. ಆವತ್ತು ಯಾರೂ ಯಾರ ಜೊತೆಗೂ ಮಾತಾಡದೆ ಮನೆಗೆ ಬಂದೆವು.

ಆಮೇಲೆ ಆಕ್ಸ್‌ಫರ್ಡ್ ನಿಘಂಟು ಮಾಡಿದವರ ದಾರಿಯನ್ನೇ ಹಿಡಿದೆ. ಒಂದು ಪದಕ್ಕೆ ಒಂದು ಚೀಟಿ. 1879ರಲ್ಲಿ ಜೇಮ್ಸ್ ಮರ್ರೆ ಆ ಕೆಲಸ ಹಿಡಿದಾಗ ಅವರಿಗೆ ಹಳಬರಿಂದ ಬಂದದ್ದು ಎರಡು ಟನ್ನಿನಷ್ಟು ಚೀಟಿ. ಒಂದು ಮೂಟೆಯಲ್ಲಿ ಸತ್ತ ಇಲಿಯೂ ಇತ್ತಂತೆ. ಮನೆಯ ತೋಟದಲ್ಲಿ ತಗಡಿನ ಶೆಡ್ಡು ಹಾಕಿ, ಗೋಡೆ ತುಂಬ ಗೂಡು ಮಾಡಿ, ಜಗತ್ತಿನ ಎಲ್ಲ ಕಡೆಯಿಂದ ಜನ ಬರೆದು ಕಳಿಸಿದ ಚೀಟಿ ಜೋಡಿಸಿದರು. ಮೊದಲ ಕಂತು 1884ರಲ್ಲಿ ಬಂತು. 'ಎ'ಯಿಂದ 'ಆಂಟ್'ವರೆಗೆ, ಅಷ್ಟೇ! ಪೂರ್ತಿ ಮುಗಿದದ್ದು 1928ಕ್ಕೆ. ಮರ್ರೆ ಅದಕ್ಕೂ ಹದಿಮೂರು ವರ್ಷ ಮೊದಲೇ ತೀರಿಕೊಂಡಿದ್ದರು. 'ಬಾಂಡ್‌ಮೇಡ್' ಅನ್ನುವ ಒಂದು ಪದದ ಚೀಟಿ ಎಲ್ಲೋ ಕಳೆದು, ಪದವೇ ಮೊದಲ ನಿಘಂಟಿನಿಂದ ಬಿಟ್ಟುಹೋಯಿತು. ನಮ್ಮಲ್ಲೂ ಎರಡು ಚೀಟಿ ಮಗನ ಜೇಬಿನಲ್ಲಿದ್ದು ವಾಷಿಂಗ್ ಮೆಷಿನ್ನಿಗೆ ಹೋದವು. ಬೇಜಾರಾಗಲಿಲ್ಲ.

ಖರ್ಚು? ಸೊನ್ನೆ. ಹಳೇ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಅರ್ಧ ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿದೆ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿಗೆ ದುಡ್ಡು ಕೊಡಬೇಡಿ. ಇಲ್ಲಿ ಎಷ್ಟೋ ಊರುಗಳ ಲೈಬ್ರರಿ ಕಾರ್ಡಿನ ನಂಬರ್ ಹಾಕಿದರೆ ಮನೆಯಲ್ಲೇ ಕೂತು ಪುಕ್ಕಟೆ ನೋಡಬಹುದು. ಇದು ಗೊತ್ತಿಲ್ಲದೆ ನಾನು ಒಂದು ವರ್ಷ ಒದ್ದಾಡಿದೆ.

ನಿಯಮ ಇಷ್ಟೇ. ಒಂದು ಕೋಣೆಗೆ ಒಂದೇ ಚೀಟಿ. ಒಂದು ದಿನಕ್ಕೆ ಐದು ದಾಟಬಾರದು. ಮುಂಭಾಗದಲ್ಲಿ ಬರೀ ಪದ. ಅರ್ಥ ಹಿಂದೆ. ಪದವನ್ನು ನೋಡಿ ಮೊದಲು ಎಲ್ಲರೂ ಒಂದೊಂದು ಸುಳ್ಳು ಅರ್ಥ ಹೇಳಬೇಕು. ಆಮೇಲೆ ತಿರುಗಿಸುವುದು. ಚೀಟಿಯನ್ನು ಯಾವ ಹೊತ್ತಿಗೆ ತೆಗೆಯಬೇಕು ಅನ್ನುವುದರಲ್ಲಿ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಹೇಳಲ್ಲ, ಎರಡು ಸಲ ಮಾಡಿದರೆ ನಿಮಗೇ ಗೊತ್ತಾಗುತ್ತದೆ.

ಮೊದಲ ದಿನವೇ ಮಗ ಸಿಕ್ಕಿಸಿದ. ಚೀಟಿಯಲ್ಲಿ 'ಪ್ಯಾಲೆಸ್' ಅಂತ ಇತ್ತು. ರೋಮಿನ ಪ್ಯಾಲಟೈನ್ ಗುಡ್ಡದ ಹೆಸರಿಂದ ಬಂದದ್ದು ಅಂತ ಓದಿದೆ. ಅವನು ತಾತನ ಕಡೆ ತಿರುಗಿ, "ತಾತ, ಕನ್ನಡದಲ್ಲಿ ಅರಮನೆ ಅಂದ್ರೆ ಅರ್ಧ ಮನೆನಾ?" ಅಂದ. ಮಾವ ನಕ್ಕು, "ಅರೆ ಅಲ್ಲ ಕಣೋ, ಅರಸನ ಮನೆ" ಅಂದರು. ಆದರೆ ಹ್ಯಾಂಪ್ಟನ್ ಕೋರ್ಟ್ ನಿಜವಾಗಿ ಅರೆ ಮನೆಯೇ ಅಲ್ವಾ? ಮುಂದಿನ ಅರ್ಧ ಕಾರ್ಡಿನಲ್ ವುಲ್ಸಿ, ದೊರೆ ಎಂಟನೇ ಹೆನ್ರಿ ಕಾಲದ ಕೆಂಪಿಟ್ಟಿಗೆ. ಹಿಂದಿನ ಅರ್ಧ 1689ರ ನಂತರ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕಟ್ಟಿದ್ದು. ಹಳೆಯದನ್ನು ಹೆಚ್ಚುಕಮ್ಮಿ ಪೂರ್ತಿ ಕೆಡವುವ ಯೋಚನೆ ಇತ್ತು. 1694ರಲ್ಲಿ ರಾಣಿ ಮೇರಿ ತೀರಿಕೊಂಡಳು, ಕೆಲಸ ನಿಂತಿತು. ಮಗನ ತಪ್ಪು ಅರ್ಥದಿಂದ ಆ ಕಟ್ಟಡ ನಮ್ಮೆಲ್ಲರ ತಲೆಯಲ್ಲಿ ಕೂತಿತು.

ನನ್ನ ಮಾನ ಹೋದದ್ದು ಹ್ಯಾಂಪ್ಟನ್ ಕೋರ್ಟಿನ ಗ್ರೇಟ್ ಹಾಲಿನಲ್ಲಿ. ಅಲ್ಲಿ ಚಾವಣಿಯ ಮರದಲ್ಲಿ ಬಣ್ಣದ ಸಣ್ಣ ಸಣ್ಣ ಮುಖ ಕೆತ್ತಿದ್ದಾರೆ, ಕೆಳಗಿನವರ ಮಾತು ಕೇಳಿಸಿಕೊಳ್ಳುವ ಹಾಗೆ. 'ಈವ್ಸ್‌ಡ್ರಾಪ್' ಅನ್ನುವ ಪದ ಈ ಮುಖಗಳಿಂದಲೇ ಹುಟ್ಟಿತು ಅಂತ ಎಲ್ಲೋ ಕೇಳಿ, ಎರಡು ವರ್ಷ ಬಂದವರಿಗೆಲ್ಲ ಹೇಳುತ್ತಿದ್ದೆ. ಚೀಟಿ ಬರೆಯಲು ನಿಘಂಟು ತೆಗೆದರೆ, ಹೆನ್ರಿ ಈ ಹಾಲ್ ಕಟ್ಟಿಸಿದ್ದು 1530ರ ದಶಕದಲ್ಲಿ, ಪದ ಅದಕ್ಕಿಂತ ಹಳೆಯದು. ಸೂರಿನ ನೀರು ತೊಟ್ಟಿಕ್ಕುವ ಜಾಗದಲ್ಲಿ, ಗೋಡೆಗೆ ಅಂಟಿಕೊಂಡು ನಿಂತು ಒಳಗಿನ ಮಾತು ಕೇಳುವವನು ಅಂತ ಅರ್ಥ. ಎಲ್ಲರ ಮುಂದೆ ಒಪ್ಪಿಕೊಂಡೆ. ಅತ್ತೆ ಮಾತ್ರ, "ನಮ್ಮ ಹಂಚಿನ ಮನೆ ಸೂರಿನ ಕೆಳಗೂ ಒಬ್ಬಳು ನಿಲ್ತಿದ್ದಳು. ಮಳೆ ಬಂದ್ರೂ ಹೋಗ್ತಿರಲಿಲ್ಲ" ಅಂದರು. ಹೆಸರೂ ಹೇಳಿದರು. ನಾನು ಬರೆಯಲ್ಲ.

ಎಲ್ಲಕ್ಕಿಂತ ಜಾಸ್ತಿ ನಗು ತಂದದ್ದು ಅದೇ ಅರಮನೆಯ, ದೊರೆ ಮೂರನೇ ವಿಲಿಯಮ್ಮನ ಕೋಣೆಗಳು. ಮಂಚ, ತೆರೆ, ದೊಡ್ಡ ದೊಡ್ಡ ಚಿತ್ರ ಎಲ್ಲ ದಾಟಿ ಹೋದರೆ ಒಂದು ಪುಟ್ಟ ಜಾಗದಲ್ಲಿ ಕೆಂಪು ಮಖಮಲ್ ಹೊದೆಸಿದ ಪೆಟ್ಟಿಗೆ. ನಡುವೆ ತೂತು. ರಾಜರ ಕಕ್ಕಸು. ಚೀಟಿಯಲ್ಲಿ 'ಸ್ಟೂಲ್'. ಕೂರುವ ಸ್ಟೂಲು ಈ ಪೆಟ್ಟಿಗೆಗೆ ಹೆಸರಾಗಿ, ಪೆಟ್ಟಿಗೆಯಿಂದ ಅದರೊಳಗೆ ಬೀಳುವುದಕ್ಕೂ ಅದೇ ಹೆಸರಾಯಿತು. ಮಾವ ಒಂದು ಕ್ಷಣ ಸುಮ್ಮನಿದ್ದರು. "ಅಂದ್ರೆ ಅರಸೀಕೆರೆ ಲ್ಯಾಬಿನಲ್ಲಿ ಸ್ಟೂಲ್ ಟೆಸ್ಟ್ ಅಂತ ಬರೆದುಕೊಟ್ಟಿದ್ದು, ಇದೇನಾ?" ಅಂದರು. ಮಕ್ಕಳು ನೆಲಕ್ಕೆ ಕೂತು ನಕ್ಕರು. ಕಾವಲಿನಾಕೆ ತಿರುಗಿ ನೋಡಿದಳು.

ಇನ್ನು ನಿಘಂಟುಕಾರ ಜಾನ್ಸನ್. ಈ ಅರಮನೆಗೂ ನಿಘಂಟಿಗೂ ನಿಜವಾದ ನಂಟು ಇದೆಯಾ ಅಂತ ಹುಡುಕುತ್ತಾ ಹೋದಾಗ ಎರಡು ಸಿಕ್ಕವು. ಮೊದಲನೆಯದು 1604ರದು. ಆ ವರ್ಷದ ಜನವರಿಯಲ್ಲಿ ದೊರೆ ಜೇಮ್ಸ್ ಪಾದ್ರಿಗಳನ್ನು ಹ್ಯಾಂಪ್ಟನ್ ಕೋರ್ಟಿಗೆ ಕರೆಸಿ ಸಭೆ ಮಾಡಿದ. ಅದರ ಫಲವೇ 1611ರ ಇಂಗ್ಲಿಷ್ ಬೈಬಲ್. ಅದೇ 1604ರಲ್ಲಿ ರಾಬರ್ಟ್ ಕಾಡ್ರಿ ಅನ್ನುವವನು ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟು ಅಚ್ಚು ಹಾಕಿಸಿದ. ಎರಡೂವರೆ ಸಾವಿರ ಪದದ ಸಣ್ಣ ಪುಸ್ತಕ. ಅವನು ಮೇಷ್ಟ್ರಾಗಿದ್ದವನು, ಆಮೇಲೆ ಪಾದ್ರಿಯಾಗಿ ಕೆಲಸ ಕಳೆದುಕೊಂಡವನು. 'ಎ'ಯಿಂದ ಶುರುವಾಗುವ ಪದ ಮುಂದಿರುತ್ತದೆ, 'ವಿ'ಯಿಂದ ಶುರುವಾದರೆ ಕೊನೆಯ ಕಡೆ ಹುಡುಕಿ ಅಂತ ಓದುಗರಿಗೆ ಹೇಳಿಕೊಡುತ್ತಾನೆ. ನಿಘಂಟು ನೋಡುವುದನ್ನೇ ಜನಕ್ಕೆ ಕಲಿಸಬೇಕಾಗಿದ್ದ ಕಾಲ! ಮೊದಲ ಮುದ್ರಣದ ಒಂದೇ ಒಂದು ಪ್ರತಿ ಆಕ್ಸ್‌ಫರ್ಡಿನಲ್ಲಿ ಉಳಿದಿದೆ.

ಎರಡನೆಯದು ಮಾವನನ್ನು ಹಿಡಿದು ಕೂರಿಸಿದ್ದು. ಸ್ಯಾಮ್ಯುಯೆಲ್ ಜಾನ್ಸನ್ ಫ್ಲೀಟ್ ಸ್ಟ್ರೀಟಿನ ಹಿಂದಿನ ಗಾಫ್ ಸ್ಕ್ವೇರಿನ ಅಟ್ಟದಲ್ಲಿ ಆರು ಜನ ಸಹಾಯಕರನ್ನು ಇಟ್ಟುಕೊಂಡು ತನ್ನ ನಿಘಂಟು ಮುಗಿಸಿದ್ದು 1755ರಲ್ಲಿ. ನಲವತ್ತೆರಡು ಸಾವಿರ ಚಿಲ್ಲರೆ ಪದ. ಪ್ರಕಾಶಕರು ಒಪ್ಪಿದ್ದು 1,500 ಗಿನ್ನಿ. ಸಹಾಯಕರ ಸಂಬಳವೂ ಅದರಲ್ಲೇ. 'ಪೆನ್ಷನ್' ಅಂದರೆ ದೇಶದ್ರೋಹ ಮಾಡಿದ ಆಳಿಗೆ ಸರ್ಕಾರ ಕೊಡುವ ಕೂಲಿ ಅನ್ನುವ ಅರ್ಥದಲ್ಲಿ ಬರೆದಿದ್ದ. 1762ರಲ್ಲಿ ಮೂರನೇ ಜಾರ್ಜ್ ಅವನಿಗೇ ವರ್ಷಕ್ಕೆ ಮುನ್ನೂರು ಪೌಂಡ್ ಪೆನ್ಷನ್ ಕೊಟ್ಟ. ತೆಗೆದುಕೊಂಡ. ಪೆನ್ಷನ್ ಮೇಲೆ ಬದುಕುವ ಮಾವ ಇದಕ್ಕೆ ಬಹಳ ಹೊತ್ತು ನಕ್ಕರು.

ಆದರೆ ಆ ಚೀಟಿಯ ಬೆನ್ನಿನಲ್ಲಿ ಇನ್ನೂ ಒಂದು ಸಾಲಿತ್ತು. ಜಾರ್ಜ್ ಕಾಲಕ್ಕೆ ದೊರೆಗಳು ಹ್ಯಾಂಪ್ಟನ್ ಕೋರ್ಟಿನಲ್ಲಿ ವಾಸ ಮಾಡುವುದು ನಿಂತಿತ್ತು. ಕೋಣೆಗಳನ್ನು ಬೇಕಾದವರಿಗೆ ಬಾಡಿಗೆಯಿಲ್ಲದೆ ಕೊಡುತ್ತಿದ್ದರು. 1776ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ಜಾನ್ಸನ್ ತನಗೂ ಅಲ್ಲೊಂದು ಮನೆ ಕೊಡಿ ಅಂತ ಅರ್ಜಿ ಹಾಕಿದ. ನಯವಾದ ಉತ್ತರ ಬಂತು. ಈಗಾಗಲೇ ಬಾಕಿ ಇರುವವರೇ ಬಹಳ ಜನ, ಕ್ಷಮಿಸಿ ಅಂತ.

ಅಂಗಳದ ಕಲ್ಲುಬೆಂಚಿನ ಮೇಲೆ ಕೂತು ಇದನ್ನು ಓದಿದೆ. ಮಾವ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಏರಿಸಿ, ತಾವೇ ಮತ್ತೆ ಓದಿದರು. "ನನ್ನ ಸೈಟಿನ ಅರ್ಜಿಗೂ ಇದೇ ಬರೆದಿದ್ದರು ಕಣಮ್ಮ. ಎರಡು ಸಲ" ಅಂದರು. ಆಮೇಲೆ ಎದ್ದು, ಕಿಟಕಿಗಳನ್ನು ಒಂದೊಂದಾಗಿ ತೋರಿಸುತ್ತಾ, ಯಾವ ಕೋಣೆ ಕೊಟ್ಟಿದ್ದರೆ ಜಾನ್ಸನ್ನಿಗೆ ಗಾಳಿ ಬೆಳಕು ಚೆನ್ನಾಗಿರುತ್ತಿತ್ತು ಅಂತ ಮಕ್ಕಳ ಜೊತೆ ಚರ್ಚೆ ಮಾಡಿದರು. ಮುಕ್ಕಾಲು ಗಂಟೆ. ಮೊದಲ ವರ್ಷ ಹತ್ತು ನಿಮಿಷಕ್ಕೆ ಬೆಂಚು ಹಿಡಿದಿದ್ದವರು ಇವರೇ.

ಬೇರೆ ಕಡೆಯೂ ಪ್ರಯೋಗ ಮಾಡಿದೆ. ವಿಂಡ್ಸರ್‌ನಲ್ಲಿ ಒಂದೇ ಚೀಟಿ, 'ಲೂಟ್'. ನಮ್ಮ ಲೂಟಿಯೇ, ಹಿಂದಿಯಿಂದ ಇಂಗ್ಲಿಷಿಗೆ ಹೋದದ್ದು. ಅದನ್ನು ತೆಗೆದದ್ದು ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿ ತಲೆಯ ಮುಂದೆ. ಸ್ಫಟಿಕದ ಹಲ್ಲು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೋದದ್ದು. ಯಾರೂ ಸುಳ್ಳು ಅರ್ಥ ಹೇಳಲಿಲ್ಲ. ಟವರ್‌ನಲ್ಲಿ ಚೀಟಿ ನಡೆಯಲ್ಲ, ಆಭರಣದ ಸಾಲಿನಲ್ಲಿ ತಳ್ಳಾಟ. ಗಾಫ್ ಸ್ಕ್ವೇರಿನ ಜಾನ್ಸನ್ ಮನೆ ಚೆನ್ನಾಗಿದೆ, ಟಿಕೆಟ್ಟೂ ಕಡಿಮೆ. ಆದರೆ ಮೆಟ್ಟಿಲು ಜಾಸ್ತಿ, ಅತ್ತೆ ಕೆಳಗೇ ಉಳಿದರು.

ಕಳೆದ ಡಿಸೆಂಬರಿನಲ್ಲಿ ಮೈಸೂರು ಅರಮನೆಗೆ ಕನ್ನಡದ ಚೀಟಿ ಮಾಡಿದೆ. ಮಾವ ತಮ್ಮ ಕಿಟ್ಟೆಲ್ ನಿಘಂಟು ತೆಗೆದು ಕೂತರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದರ ಮರುಮುದ್ರಣ, ಬೈಂಡು ಕಿತ್ತಿದೆ. 'ಗೊಂಬೆ ತೊಟ್ಟಿ' ಅಂತ ಬಂದಾಗ ಲಂಡನ್ನಿನಲ್ಲಿ ಬೆಳೆದ ನನ್ನ ಮಗಳು, "ಗೊಂಬೆ ಬಿಸಾಕೋ ಕಸದ ತೊಟ್ಟಿನಾ?" ಅಂದಳು. ತೊಟ್ಟಿಮನೆಯ ತೊಟ್ಟಿ, ನಡುವಿನ ಅಂಗಳ ಅಂತ ತೋರಿಸಲು ಮಾವ ಅವಳನ್ನು ಮಾರನೆಯ ದಿನ ತಮ್ಮ ಸೋದರತ್ತೆಯ ಹಳೇ ಮನೆಗೆ ಕರೆದುಕೊಂಡು ಹೋದರು. ಚೀಟಿಯಿಂದ ಆದ ಹೆಚ್ಚುವರಿ ಖರ್ಚು ಅಂದರೆ ಅದೇ, ಕಾರಿನ ಬಾಡಿಗೆ ಎರಡು ಸಾವಿರದ ಚಿಲ್ಲರೆ.

ಅಂದಹಾಗೆ 'ಚಿಟ್' ಅನ್ನುವ ಇಂಗ್ಲಿಷ್ ಪದವೂ ಕಂಪನಿ ಕಾಲದಲ್ಲಿ ಇಂಡಿಯಾದಿಂದ ಹೋದದ್ದೇ. ಆ ಚೀಟಿಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಹ್ಯಾಂಪ್ಟನ್ ಕೋರ್ಟಿಗೆ ನನ್ನ ಪಟ್ಟಿಯಲ್ಲಿ ಈಗ ಹನ್ನೊಂದು ಪದ ನಿಂತಿವೆ. ಟ್ಯೂಷನ್ ಅಂದ ಸ್ನೇಹಿತೆಗೆ ಏಳು ಕಳಿಸಿದ್ದೇನೆ. ಉಳಿದ ನಾಲ್ಕು ಬೇಕಾದರೆ ಒಂದು ಭಾನುವಾರ ಬಿಸಿಬೇಳೆಬಾತ್ ಮಾಡಿ ಕರೆಯಲಿ.