429 ಕೋಟಿ ದಾಟಿದ ಸಂಖ್ಯೆಯನ್ನು ಪೆನ್ನು-ಹಾಳೆಯಲ್ಲೇ ಒಡೆಯುವುದು ಹೇಗೆ?

429,49,67,297. ಇದು ಅವಿಭಾಜ್ಯ ಸಂಖ್ಯೆಯೋ ಅಲ್ಲವೋ? ಕ್ಯಾಲ್ಕುಲೇಟರ್ ಇಲ್ಲದೇ ಕಂಡುಹಿಡಿಯಬಹುದು.

ಮೊದಲು ಈ ಸಂಖ್ಯೆ ಎಲ್ಲಿಂದ ಬಂತು ನೋಡಿ. 2ರಿಂದ ಶುರುಮಾಡಿ ವರ್ಗ ಮಾಡುತ್ತಾ ಹೋದರೆ 2, 4, 16, 256, 65,536 ಸಿಗುತ್ತವೆ. ಪ್ರತಿಯೊಂದಕ್ಕೂ 1 ಸೇರಿಸಿದರೆ 3, 5, 17, 257, 65,537. ಐದೂ ಅವಿಭಾಜ್ಯ! ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ 1640ರಲ್ಲಿ, ಮುಂದೆ ಬರುವುದೆಲ್ಲ ಹೀಗೇ ಇರುತ್ತದೆ ಎಂದು ನಂಬಿದ್ದರು. ನಮ್ಮದು ಈ ಸಾಲಿನ ಆರನೆಯದು, ಅಂದರೆ 2ರ 32ನೇ ಘಾತಕ್ಕೆ 1 ಸೇರಿಸಿದ್ದು.

ಸುಮ್ನೆ ಒಂದೊಂದರಿಂದಲೇ ಭಾಗಿಸುತ್ತಾ ಹೋದರೆ ಕೆಲಸ ಮುಗಿಯುವುದಿಲ್ಲ. ನಮ್ಮ ಸಂಖ್ಯೆಯ ವರ್ಗಮೂಲ ಸುಮಾರು 65,536, ಅಲ್ಲಿಯವರೆಗೆ ನೋಡಿದರೆ ಸಾಕು; ಆದರೆ ಅದರ ಒಳಗೇ 6,542 ಅವಿಭಾಜ್ಯಗಳಿವೆ. ಯಾವುದನ್ನು ಬಿಡಬಹುದು ಎಂದು ಮೊದಲು ತಿಳಿಯಬೇಕು, ಇಡೀ ಲೆಕ್ಕದ ಜೀವ ಇರುವುದೇ ಇಲ್ಲಿ.

ನಮ್ಮ ಸಂಖ್ಯೆಯನ್ನು 'ಪ' ಎಂಬ ಅವಿಭಾಜ್ಯ ಸರಿಯಾಗಿ ಭಾಗಿಸುತ್ತದೆ ಅಂದುಕೊಳ್ಳಿ. ಆಗ 2ರ 32ನೇ ಘಾತವನ್ನು ಪ-ಯಿಂದ ಭಾಗಿಸಿದರೆ ಶೇಷ −1, ಅಂದರೆ ಸರಿಯಾಗಿ ಭಾಗವಾಗಲು 1 ಕಡಿಮೆ. ಅದರ ವರ್ಗಕ್ಕೆ, ಅಂದರೆ 64ನೇ ಘಾತಕ್ಕೆ, ಶೇಷ ಮೊದಲ ಸಲ 1 ಆಗುತ್ತದೆ. ಆಮೇಲೂ 1 ಬರುವುದು 64 ಹೆಜ್ಜೆಗೊಮ್ಮೆ ಮಾತ್ರ. ಆದರೆ 2ರ (ಪ−1)ನೇ ಘಾತಕ್ಕೆ ಶೇಷ 1 ಇರಲೇಬೇಕು. ಇದು ಫರ್ಮಾ ಅವರೇ ಅದೇ 1640ರಲ್ಲಿ ಹೇಳಿದ ನಿಯಮ. ಹಾಗಾಗಿ ಪ−1 ಎಂಬುದು 64ರ ಮಗ್ಗಿಯಲ್ಲೇ ಇರಬೇಕು, ಅಲ್ವಾ? ಫರ್ಮಾ ಅವರ ಊಹೆಯನ್ನು ಮುರಿಯಲು ಅವರದೇ ನಿಯಮ ಸಾಕಾಗುತ್ತದೆ ಎಂಬುದು ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ.

ಈಗ 64ರ ಮಗ್ಗಿ ಬರೆದು 1 ಸೇರಿಸಿ: 65, 129, 193, 257, 321, 385, 449, 513, 577, 641. ಇದರಲ್ಲಿ 3 ಅಥವಾ 5ರಿಂದ ಹೋಗುವುದನ್ನು ಹೊಡೆದುಹಾಕಿ. ಉಳಿಯುವುದು 193, 257, 449, 577, 641.

ಇನ್ನು ಭಾಗಾಕಾರ. ಹತ್ತಂಕಿಯ ಸಂಖ್ಯೆಯನ್ನು ಮುಟ್ಟಲೇಬೇಡಿ, ಶೇಷವನ್ನಷ್ಟೇ ವರ್ಗ ಮಾಡಿ. 65,536ರ ವರ್ಗವೇ 2ರ 32ನೇ ಘಾತ, ಹಾಗಾಗಿ ಅಲ್ಲಿಂದ ಶುರುಮಾಡಿದರೆ ಸಾಕು. 641 ತೆಗೆದುಕೊಳ್ಳಿ. 65,536ರಿಂದ 641ರ 102 ಪಟ್ಟು, ಅಂದರೆ 65,382 ಕಳೆದರೆ ಉಳಿಯುವುದು 154. ಇದರ ವರ್ಗ 23,716. 641ನ್ನು 37ರಿಂದ ಗುಣಿಸಿದರೆ 23,717. ಒಂದೇ ಒಂದು ಕಡಿಮೆ! ನಾವು ಸೇರಿಸಬೇಕಾದದ್ದೂ ಅದೇ ಒಂದು, ಹಾಗಾಗಿ ಶೇಷ ಸೊನ್ನೆ. ಉಳಿದ ನಾಲ್ಕಕ್ಕೂ ಹೀಗೇ ಮಾಡಿದರೆ ಕೊನೆಗೆ ಕ್ರಮವಾಗಿ 109, 2, 325, 288 ಬರುತ್ತವೆ, ನೀವೇ ತಾಳೆ ನೋಡಿ.

ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1732ರಲ್ಲಿ ತೋರಿಸಿದ್ದೂ ಈ 641ನ್ನೇ. 64ರ ಕಾರಣವನ್ನು ಅವರು ಆಮೇಲಿನ ಬರಹದಲ್ಲಿ ವಿವರಿಸಿದರು. ಇನ್ನೊಂದು ಭಾಜಕ 67,00,417, ಅದೂ ಅವಿಭಾಜ್ಯವೇ.

ಇದೇ ದಾರಿಯಲ್ಲಿ ಮುಂದಿನದನ್ನೂ, ಅಂದರೆ 2ರ 64ನೇ ಘಾತಕ್ಕೆ 1 ಸೇರಿಸಿದ್ದನ್ನೂ ನೋಡಬಹುದು. ಅದರ ಒಂದು ಭಾಜಕ 2,74,177. ವರ್ಗ ಮಾಡುವ ಹೆಜ್ಜೆ ಒಂದೇ ಜಾಸ್ತಿ, ಆದರೆ ಪರೀಕ್ಷಿಸಬೇಕಾದ ಸಂಖ್ಯೆಗಳು ಬಹಳ ಹೆಚ್ಚು.