ಗಾಳದ ಎರೆಗೆ ಮನೆಯಲ್ಲೇ ಒಂದು ಡಬ್ಬಿ

ಮೀನು ಹಿಡಿಯಲು ಹೊರಟ ದಿನವೇ ಎರೆಹುಳು ಸಿಗುವುದಿಲ್ಲ. ಮಳೆ ಬಿದ್ದಾಗ ಕಾಲಡಿಯಲ್ಲೇ ಹರಿದಾಡುವ ಹುಳು, ನೆಲ ಒಣಗಿತೋ ಇಲ್ಲವೋ ಆಳಕ್ಕೆ ಇಳಿದುಬಿಡುತ್ತದೆ. ಅರ್ಧ ಗಂಟೆ ಗುದ್ದಲಿ ಹಾಕಿದರೂ ನಾಲ್ಕು ಸಿಕ್ಕರೆ ಹೆಚ್ಚು. ಅದಕ್ಕಿಂತ ಒಂದು ಡಬ್ಬಿಯಲ್ಲಿ ಸಾಕಿಕೊಳ್ಳುವುದೇ ವಾಸಿ.

ಮೊದಲು ಹುಳು ಯಾವುದು ಎಂದು ನೋಡಿ. ಮಣ್ಣಿನಲ್ಲಿ ಆಳವಾಗಿ ಬಿಲ ಕೊರೆಯುವ ಜಾತಿ ಡಬ್ಬಿಗೆ ಒಗ್ಗುವುದಿಲ್ಲ. ಕೊಳೆತ ಎಲೆ, ಹಳೆಯ ಗೊಬ್ಬರದ ಮೇಲ್ಪದರದಲ್ಲಿ ಬದುಕುವ ಹುಳು ಬೇಕು. ಎರೆಗೊಬ್ಬರ ಮಾಡುವವರ ಹತ್ತಿರ ಸಾಮಾನ್ಯವಾಗಿ ಎರಡು ಜಾತಿ ಇರುತ್ತವೆ. ಐಸೀನಿಯಾ ಫೆಟಿಡಾ ಕೆಂಪಗೆ, ಸಣ್ಣದು, ಗಟ್ಟಿ ಜೀವ. ಚುಚ್ಚಿದರೆ ಹಳದಿ ರಸ ಬಿಟ್ಟು ವಾಸನೆ ಹೊಡೆಯುತ್ತದೆ. ಫೆಟಿಡಾ ಅಂದರೆ ಲ್ಯಾಟಿನ್ನಿನಲ್ಲಿ ನಾತದ್ದು ಎಂದೇ ಅರ್ಥ. ಯೂಡ್ರಿಲಸ್ ಯೂಜೀನಿಯೆ ಉದ್ದ, ದಪ್ಪ. ಗಾಳಕ್ಕೆ ನನ್ನ ಮತ ಇದಕ್ಕೇ. ಆದರೆ ಚಳಿ ತಡೆಯುವುದಿಲ್ಲ.

ಡಬ್ಬಿ ಅಗಲವಾಗಿರಲಿ, ಆಳ ಒಂದಡಿ ಸಾಕು. ತಳಕ್ಕೂ ಪಕ್ಕಕ್ಕೂ ಸಣ್ಣ ತೂತು ಕೊರೆಯಿರಿ. ಹರಿದ ಪೇಪರ್, ರಟ್ಟಿನ ಚೂರು, ತೆಂಗಿನ ನಾರಿನ ಪುಡಿ ಸೇರಿಸಿ ಹಾಸಿಗೆ ಮಾಡಿ, ಮೇಲೆ ಎರಡು ಹಿಡಿ ಮಣ್ಣು ಉದುರಿಸಿ. ಹಳೆಯ ಸಗಣಿ ಇದ್ದರೆ ಇನ್ನೂ ಒಳ್ಳೆಯದು. ಹಸಿ ಸಗಣಿ ಮಾತ್ರ ಬೇಡ, ಕೊಳೆಯುವಾಗ ಕಾವು ಏರಿ ಹುಳು ಬೆಂದುಹೋಗುತ್ತದೆ.

ಇನ್ನು ನೀರು. ಎರೆಹುಳು ಉಸಿರಾಡುವುದು ಚರ್ಮದಿಂದ. ಚರ್ಮ ಒಣಗಿದರೆ ಸತ್ತಂತೆ, ಹಾಸಿಗೆಯಲ್ಲಿ ನೀರು ನಿಂತು ಗಾಳಿ ಆಡದಿದ್ದರೂ ಸತ್ತಂತೆ. ಒಂದು ಹಿಡಿ ಹಾಸಿಗೆ ತೆಗೆದು ಜೋರಾಗಿ ಹಿಂಡಿ: ಒಂದೆರಡು ಹನಿ ಬಂದರೆ ಹದ, ಧಾರೆ ಇಳಿದರೆ ಜಾಸ್ತಿ ಆಯ್ತು. ನನ್ನ ಮೊದಲ ಡಬ್ಬಿ ಹೋಗಿದ್ದು ಹೀಗೇ. ದಿನಾ ಬೆಳಿಗ್ಗೆ ಪ್ರೀತಿಯಿಂದ ನೀರು ಚಿಮುಕಿಸಿದೆ. ಎರಡನೇ ವಾರ ಮುಚ್ಚಳ ತೆಗೆದರೆ ಹುಳುಗಳೆಲ್ಲ ಗೋಡೆ ಹತ್ತಿ ಕೂತಿದ್ದವು.

ಊಟದಲ್ಲೂ ಇದೇ ಕಥೆ. ತರಕಾರಿ ಸಿಪ್ಪೆ, ಬಾಳೆಸಿಪ್ಪೆ, ಹಣ್ಣೆಲೆ ಸಣ್ಣಗೆ ಹೆಚ್ಚಿ ಒಂದು ಮೂಲೆಯಲ್ಲಿ ಹೂತಿಡಿ. ಅದು ಮುಗಿಯುತ್ತಾ ಬಂದ ಮೇಲೆ ಇನ್ನೊಂದು ಮೂಲೆ. ಉಪ್ಪು, ಎಣ್ಣೆ, ಮಾಂಸ ಬೇಡವೇ ಬೇಡ, ನಿಂಬೆ ಜಾತಿಯ ಸಿಪ್ಪೆಯೂ ಬೇಡ. ಹುಳುವಿಗೆ ಹಲ್ಲಿಲ್ಲ, ಕೋಳಿಯ ಹಾಗೆ ಹೊಟ್ಟೆಯೊಳಗಿನ ಮರಳಿನಿಂದ ಅರೆದುಕೊಳ್ಳುತ್ತದೆ. ಹಾಗಾಗಿ ಆಗಾಗ ಒಂದು ಚಮಚ ಮೊಟ್ಟೆಚಿಪ್ಪಿನ ನುಣ್ಣನೆಯ ಪುಡಿ ಹಾಕಿ. ಹುಳಿ ನಾತ ಬಂದರೆ ಊಟ ನಿಲ್ಲಿಸಿ, ಒಣ ಪೇಪರ್ ಸೇರಿಸಿ. ಇರುವೆ ಬಂದರೆ ಡಬ್ಬಿಯ ಕಾಲನ್ನು ನೀರಿನ ಬಟ್ಟಲಲ್ಲಿಡಿ.

ನೆರಳಲ್ಲಿ, 20ರಿಂದ 25 ಡಿಗ್ರಿಯಲ್ಲಿದ್ದರೆ ಎರಡೂ ಜಾತಿಗೆ ಹಿತ. ಕೆಲವು ವಾರದಲ್ಲಿ ಹಾಸಿಗೆಯೊಳಗೆ ನಿಂಬೆಹಣ್ಣಿನ ಆಕಾರದ ಪುಟ್ಟ ಗೂಡುಗಳು ಕಾಣುತ್ತವೆ. ಅವೇ ಮೊಟ್ಟೆಯ ಚೀಲಗಳು, ಎಸೆಯಬೇಡಿ. ಒಂದೊಂದರಿಂದ ಎರಡು ಮೂರು ಮರಿ ಬರಬಹುದು. ಮರಿ ಬೆಳೆದು ಕುತ್ತಿಗೆ ಹತ್ತಿರ ದಪ್ಪ ಪಟ್ಟಿ ಮೂಡಲು ಎರಡು ತಿಂಗಳಾದರೂ ಬೇಕು. ಪಟ್ಟಿ ಬಂದ ಹುಳುವೇ ಮರಿ ಹಾಕುವ ಹುಳು. ಮೊದಲ ಮೂರು ತಿಂಗಳು ಗಾಳಕ್ಕೆ ಕೈ ಹಾಕದಿರುವುದೇ ಕ್ಷೇಮ.

ಡಬ್ಬಿ ತುಂಬಿದಂತೆ ಹುಳು ಸಣ್ಣಗಾಗುತ್ತವೆ. ಗಾಳಕ್ಕೆ ದಪ್ಪದ್ದು ಬೇಕಲ್ವಾ? ಐವತ್ತು ಅರವತ್ತನ್ನು ಬೇರೆ ಡಬ್ಬಿಗೆ ಹಾಕಿ. ಜಾಗ, ಊಟ ಎರಡೂ ಧಾರಾಳ ಸಿಕ್ಕರೆ ಎರಡು ಮೂರು ವಾರದಲ್ಲಿ ಮೈ ತುಂಬುತ್ತವೆ. ಆರಿಸಲು ಸುಮ್ನೆ ಕೆದಕಬೇಡಿ. ಹಾಸಿಗೆಯನ್ನು ಬೆಳಕಿನಲ್ಲಿ ಗುಡ್ಡೆ ಹಾಕಿದರೆ ಹುಳುಗಳೇ ತಳಕ್ಕೆ ಇಳಿದು ಸೇರಿಕೊಳ್ಳುತ್ತವೆ.

ಹೊರಡುವ ಹಿಂದಿನ ದಿನ ಬೇಕಾದಷ್ಟನ್ನು ಒದ್ದೆ ಪಾಚಿಯಲ್ಲೋ ಪೇಪರ್ ಚೂರಿನಲ್ಲೋ ಇಟ್ಟರೆ ಹೊಟ್ಟೆಯ ಮಣ್ಣು ಹೋಗಿ ಚರ್ಮ ಬಿಗಿಯಾಗುತ್ತದೆ. ಗಾಳದಿಂದ ಬೇಗ ಜಾರುವುದಿಲ್ಲ. ಉಳಿದ ಹುಳುವನ್ನು ನೀರಿನ ದಡದಲ್ಲಿ ಚೆಲ್ಲಬೇಡಿ. ಉತ್ತರ ಅಮೆರಿಕದ ಕಾಡುಗಳಲ್ಲಿ ಹೊರಗಿನ ಎರೆಹುಳುಗಳು ಹರಡಿ, ನೆಲದ ಎಲೆಹಾಸನ್ನೇ ತಿಂದು ಖಾಲಿ ಮಾಡಿವೆ. ಗಾಳದವರು ಬಿಟ್ಟುಬಂದ ಹುಳುವೂ ಅದಕ್ಕೆ ಒಂದು ಕಾರಣ. ಮಿಕ್ಕಿದ್ದನ್ನು ವಾಪಸ್ ತಂದು ಡಬ್ಬಿಗೆ ಹಾಕಿ.