ಹಳೆ ಮದರ್‌ಬೋರ್ಡಿಗೆ ನಾಲ್ಕು ರಾತ್ರಿಯ ಪರೀಕ್ಷೆ

ಕಳೆದ ಮಳೆಗಾಲದಲ್ಲಿ ಮಂಗಳೂರಿನ ಹಂಪನಕಟ್ಟೆ ಕಡೆಯ ಒಂದು ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡು ತಂದೆ. ಮನೆಯ ಫೋಟೋ, ವಿಡಿಯೋ ಎಲ್ಲ ಮೂರ್ನಾಲ್ಕು ಹಾರ್ಡ್ ಡಿಸ್ಕುಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು, ಒಂದು ಸ್ಟೋರೇಜ್ ಸರ್ವರ್ ಮಾಡಿ ಎಲ್ಲವನ್ನೂ ಅದರೊಳಗೆ ತುಂಬಿಸಿಬಿಡುವ ಅಂತ ಲೆಕ್ಕಾಚಾರ. "ಆನ್ ಆಗ್ತದೆ, ಡಿಸ್‌ಪ್ಲೇ ಬರ್ತದೆ, ಇನ್ನೆಂತ ಬೇಕು ಮಾರಾಯ್ರೆ?" ಅಂದರು ಅಂಗಡಿಯವರು. ನಾನೂ ತಲೆ ಆಡಿಸಿದೆ. ಎರಡು ವಾರ ಚೆನ್ನಾಗಿಯೇ ಓಡಿತು. ಮೂರನೇ ವಾರ ಒಂದು ಡಿಸ್ಕು ಮಾಯ. ರಿಸ್ಟಾರ್ಟ್ ಮಾಡಿದರೆ ವಾಪಸ್ ಬರುತ್ತಿತ್ತು, ಮರುದಿನ ಮತ್ತೆ ಮಾಯ. ಡಿಸ್ಕೇ ಹೋಯಿತು ಅಂದುಕೊಂಡು ಹೊಸತು ತಂದು ಹಾಕಿದೆ. ಅದೂ ಮಾಯವಾಯಿತು. ಕೊನೆಗೆ ಟಾರ್ಚು ಹಿಡಿದು, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ನೋಡಿದರೆ ಡಿಸ್ಕಿನ ಕೇಬಲ್ಲು ಚುಚ್ಚುವ ಸಾಟಾ ಪೋರ್ಟುಗಳಲ್ಲಿ ಮೂರನೆಯದರ ಏಳು ಪಿನ್ನುಗಳಲ್ಲಿ ಎರಡು ಹಸಿರು ಹಿಡಿದಿದ್ದವು, ತಿಂಗಳುಗಟ್ಟಲೆ ತಿಕ್ಕದ ತಾಮ್ರದ ಚೊಂಬಿನ ಹಾಗೆ.

ಸಮುದ್ರದ ಗಾಳಿಗೆ ನಮ್ಮೂರಲ್ಲಿ ಗೇಟಿನ ಚಿಲಕವೇ ತಡೆಯುವುದಿಲ್ಲ, ಇನ್ನು ಈ ಪಿನ್ನು ಯಾವ ಲೆಕ್ಕ? ಆಫೀಸಿನಲ್ಲಿ ಟ್ಯಾಲಿ ಓಡಿಸುವ ಕಂಪ್ಯೂಟರಿನಲ್ಲಿ ಒಂದು ಪೋರ್ಟು ಸತ್ತಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅಲ್ಲಿರುವುದು ಒಂದೇ ಡಿಸ್ಕು. ನಮಗೆ ಬೇಕಾದದ್ದೇ ಉಳಿದ ಪೋರ್ಟುಗಳು. ಹಾಗಾಗಿ ಈಗ ಯಾವ ಬೋರ್ಡು ಬಂದರೂ ಅದಕ್ಕೆ ನಾಲ್ಕು ರಾತ್ರಿ ಸರಿಯಾಗಿ ಕೆಲಸ ಕೊಟ್ಟು, ಆಮೇಲೆಯೇ ಒಳ್ಳೆಯ ಡಿಸ್ಕು ಹಾಕುವುದು.

ಕೊಳ್ಳುವಾಗಲೇ ಚಿಪ್‌ಸೆಟ್, ಅಂದರೆ ಬೋರ್ಡಿನ ಪೋರ್ಟುಗಳನ್ನೆಲ್ಲ ನೋಡಿಕೊಳ್ಳುವ ಚಿಪ್ಪು, ಯಾವುದು ನೋಡಿಕೊಳ್ಳಿ. ಎಚ್61 ಆದರೆ ನಾಲ್ಕು ಸಾಟಾ ಪೋರ್ಟು, ನಾಲ್ಕೂ ಸೆಕೆಂಡಿಗೆ 3 ಗಿಗಾಬಿಟ್ ವೇಗದವು. ಎಚ್81 ಆದರೆ ಎರಡು 6, ಎರಡು 3. ಬಿ85 ಆದರೆ ಆರು ಪೋರ್ಟು, ಅದರಲ್ಲಿ ನಾಲ್ಕು 6 ಗಿಗಾಬಿಟ್‌ನವು. ಬೋರ್ಡು ಮಾಡಿದವರು ಎಲ್ಲ ಪೋರ್ಟನ್ನೂ ಕೊಟ್ಟಿರುತ್ತಾರೆ ಅಂತ ಇಲ್ಲ, ಎಣಿಸಿ ನೋಡಿ. ತಿರುಗುವ ಡಿಸ್ಕಿಗೆ 3 ಗಿಗಾಬಿಟ್ ಧಾರಾಳ ಸಾಕು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಆದರೆ 2011ರ ಶುರುವಿನ ಪಿ67 ಅಥವಾ ಎಚ್67 ಬೋರ್ಡು ಸಿಕ್ಕರೆ ಹುಷಾರು. ಆ ಚಿಪ್‌ಸೆಟ್ಟಿನ 3 ಗಿಗಾಬಿಟ್ ಪೋರ್ಟುಗಳು ವರ್ಷ ಕಳೆದ ಹಾಗೆ ಸೊರಗಬಹುದು ಅಂತ ಇಂಟೆಲ್ 2011ರ ಜನವರಿ ಕೊನೆಯಲ್ಲಿ ತಾನೇ ಹೇಳಿ, ಮಾಲು ವಾಪಸ್ ತೆಗೆದುಕೊಂಡಿತ್ತು. ಆಮೇಲೆ ಬಂದ, ತಿದ್ದಿದ ಬಿ3 ಸ್ಟೆಪ್ಪಿಂಗಿನ ಚಿಪ್ಪಿನಲ್ಲಿ ಆ ತೊಂದರೆ ಇಲ್ಲ. ಹಳೆಯದರಲ್ಲೂ 6 ಗಿಗಾಬಿಟ್‌ನ ಎರಡು ಪೋರ್ಟು ಸರಿಯೇ ಇರುತ್ತವೆ. ಆದರೆ ಎರಡೇ ಪೋರ್ಟು ಇಟ್ಟುಕೊಂಡು ಎಂತ ಮಾಡುವುದು, ಅಲ್ವಾ?

ಆಮೇಲೆ ಕಣ್ಣಿನ ಕೆಲಸ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಪಿನ್ನುಗಳನ್ನು ಟಾರ್ಚು ಓರೆಯಾಗಿ ಹಿಡಿದು ನೋಡಿ. ಬೆಳಕು ಒಂದೇ ಸಮ ಮಿನುಗಬೇಕು, ಎಲ್ಲಾದರೂ ಒಂದು ಚುಕ್ಕಿ ತಪ್ಪಿದರೆ ಅಲ್ಲಿ ಪಿನ್ನು ಬಗ್ಗಿದೆ ಅಂತ ಅರ್ಥ. ಒಂದೇ ಪಿನ್ನು ಬಗ್ಗಿದ್ದರೂ ಅರ್ಧ ಮೆಮೊರಿ ಕಾಣದೇ ಹೋಗಬಹುದು, ಡಿಸ್‌ಪ್ಲೇ ಮಾತ್ರ ಬರುತ್ತಲೇ ಇರಬಹುದು. ಕೆಪಾಸಿಟರ್ ತಲೆ ಉಬ್ಬಿದೆಯಾ, ಇರುವೆ ಗೂಡು ಕಟ್ಟಿದೆಯಾ ನೋಡಿ. ಸ್ಲಾಟು, ಪೋರ್ಟುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆ ಟೂತ್‌ಬ್ರಶ್ಶಿನಿಂದ ಮೆಲ್ಲ ತಿಕ್ಕಿ, ಒಂದು ದಿನ ಫ್ಯಾನಿನ ಕೆಳಗೆ ಇಡಿ. ಮಳೆ ಜೋರಿರುವ ಆಟಿ ತಿಂಗಳಾದರೆ ಎರಡು ದಿನ.

ಮೊದಲ ಸಲ ಆನ್ ಮಾಡುವಾಗ ಕ್ಯಾಬಿನೆಟ್ಟಿಗೆ ಹಾಕಬೇಡಿ. ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟು ಪ್ರೊಸೆಸರ್, ಕೂಲರ್, ಒಂದೇ ಒಂದು ರಾಮ್, ಅಷ್ಟೇ. ಬೋರ್ಡು ಸುತ್ತಿ ಕೊಟ್ಟ ಬೆಳ್ಳಿ ಬಣ್ಣದ ಚೀಲದ ಮೇಲೆ ಇಡಲೇಬೇಡಿ, ಅದರಲ್ಲಿ ಕರೆಂಟು ಹರಿಯಬಹುದು. ಪವರ್ ಸಪ್ಲೈ ಮಾತ್ರ ನಿಮಗೆ ನಂಬಿಕೆ ಇರುವಂಥದ್ದು ಬೇಕು. ಮಲ್ಟಿಮೀಟರ್ ಇದ್ದರೆ ಹಳದಿ ವಯರು 11.4ರಿಂದ 12.6 ವೋಲ್ಟಿನ ಒಳಗೆ, ಕೆಂಪು 4.75ರಿಂದ 5.25ರ ಒಳಗೆ ಇದೆಯಾ ನೋಡಿಕೊಳ್ಳಿ. ಕಳ್ಳ ಸಪ್ಲೈ ಹಾಕಿ ಬೋರ್ಡಿಗೆ ಬೈದವರು ಜಾಸ್ತಿ ಜನ ಇದ್ದಾರೆ, ಅದರಲ್ಲಿ ನಾನೂ ಒಬ್ಬ.

ಮೊದಲ ರಾತ್ರಿ ಮೆಮೊರಿಗೆ. ಮೆಮ್‌ಟೆಸ್ಟ್86ಪ್ಲಸ್ ಅನ್ನುವ ಮೆಮೊರಿ ಪರೀಕ್ಷೆಯ ಪ್ರೋಗ್ರಾಮನ್ನು ಪೆನ್ ಡ್ರೈವಿಗೆ ಹಾಕಿ ಬೂಟ್ ಮಾಡಿ, ಮಲಗಿ. ದುಡ್ಡು ಕೊಡಬೇಕಾಗಿಲ್ಲ, ಈಗಿನ ಆವೃತ್ತಿಗಳು ಯುಇಎಫ್‌ಐ, ಅಂದರೆ ಹೊಸ ನಮೂನೆಯ ಬಯಾಸ್ ಇರುವ ಬೋರ್ಡಿನಲ್ಲೂ ಓಡುತ್ತವೆ. ಈಗ ರಾಮಿನ ಎಲ್ಲ ಸ್ಲಾಟೂ ತುಂಬಿರಲಿ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ಆಗುವುದಿಲ್ಲ. "ಒಂದೇ ಅಲ್ವಾ" ಅನ್ನಬೇಡಿ, ಆ ಒಂದು ನಿಮ್ಮ ಮಗಳ ಮೊದಲ ಹುಟ್ಟುಹಬ್ಬದ ಫೋಟೋದ ಮಧ್ಯಕ್ಕೆ ಹೋಗಿ ಕೂರಬಹುದು, ಬ್ಯಾಕಪ್ಪಿಗೂ ಅದೇ ಹಾಳಾದ ಫೈಲು ಹೋಗುತ್ತದೆ. ತಪ್ಪು ಬಂದರೆ ರಾಮ್ ಅದಲುಬದಲು ಮಾಡಿ ಮತ್ತೆ ಓಡಿಸಿ. ತಪ್ಪು ರಾಮಿನ ಜೊತೆ ಹೋಯಿತಾ, ರಾಮ್ ಬದಲಿಸಿದರೆ ಮುಗಿಯಿತು. ಸ್ಲಾಟಿನಲ್ಲೇ ಉಳಿಯಿತಾ, ಬೋರ್ಡು ವಾಪಸ್ ಕೊಡಿ.

ಎರಡನೇ ರಾತ್ರಿ ಪೋರ್ಟುಗಳಿಗೆ. ಇದೇ ದೊಡ್ಡ ಕೆಲಸ, ಸಂಜೆಯೇ ಶುರು ಮಾಡಬೇಕು. ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ. ಹೋದರೂ ಬೇಸರವಿಲ್ಲದ ಒಂದು ಹಳೆ ಡಿಸ್ಕು, ಒಂದು ಹೊಸ ಕೇಬಲ್ಲು ಸಾಕು. ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಕಮಾಂಡು ಓಡಿಸಿ 199 ನಂಬರಿನ ಸಾಲು ನೋಡಿ. ಡಿಸ್ಕಿಗೂ ಬೋರ್ಡಿಗೂ ಮಧ್ಯೆ ಡೇಟಾ ಎಷ್ಟು ಸಲ ಕೆಟ್ಟು ಹೋಯಿತು ಅನ್ನುವ ಲೆಕ್ಕ ಅದು, ಹೆಸರು ಸಿಆರ್‌ಸಿ ಎರರ್ ಕೌಂಟ್. ಈ ಲೆಕ್ಕ ಯಾವತ್ತೂ ಕಡಿಮೆಯಾಗುವುದಿಲ್ಲ, ಹಾಗಾಗಿ ಹಳೆ ಡಿಸ್ಕಿನಲ್ಲಿ ಆಗಲೇ 12 ಅಂತ ಇದ್ದರೆ ಗಾಬರಿ ಬೇಡ, ಒಂದು ಚೀಟಿಯಲ್ಲಿ 12 ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ಡಿಸ್ಕು, ಅದೇ ಕೇಬಲ್ಲನ್ನು ಒಂದೊಂದೇ ಪೋರ್ಟಿಗೆ ಚುಚ್ಚಿ 100 ಜಿಬಿ ಓದಿಸಿ. ಒಂದು ಪೋರ್ಟಿಗೆ ಹತ್ತು ಹದಿನೈದು ನಿಮಿಷ. ಡಿಡಿ ಕಮಾಂಡಿನಲ್ಲಿ ಓದಿಸುವುದಾದರೆ ಐಎಫ್ (ಎಲ್ಲಿಂದ ಓದುವುದು) ಯಾವುದು, ಒಎಫ್ (ಎಲ್ಲಿಗೆ ಬರೆಯುವುದು) ಯಾವುದು ಅಂತ ಎರಡು ಸಲ ನೋಡಿ ಎಂಟರ್ ಒತ್ತಿ. ಒಎಫ್ ಜಾಗಕ್ಕೆ ಡಿಸ್ಕಿನ ಹೆಸರು ಹೋದರೆ ಡಿಸ್ಕು ಗುಡಿಸಿ ಸಾರಿಸಿದ ಹಾಗೆ ಖಾಲಿ ಆಗಬಹುದು.

ಪ್ರತಿ ಪೋರ್ಟು ಆದ ಮೇಲೆ 199 ಮತ್ತೆ ನೋಡಿ. 12 ಇದ್ದದ್ದು 12ರಲ್ಲೇ ಇರಬೇಕು. ನನ್ನ ಆ ಮೂರನೇ ಪೋರ್ಟಿನಲ್ಲಿ ಹತ್ತು ನಿಮಿಷದೊಳಗೆ ಅದು 0ಯಿಂದ 37ಕ್ಕೆ ಹಾರಿತ್ತು. ಕೇಬಲ್ಲನ್ನು ಬೆರಳಿನಿಂದ ಸ್ವಲ್ಪ ಎಡಕ್ಕೆ ಒತ್ತಿ ಹಿಡಿದರೆ ಏರುವುದು ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಶುರು. ಜೊತೆಗೆ ಲಿನಕ್ಸ್ ತನ್ನ ತೊಂದರೆಗಳನ್ನು ಬರೆದು ತೋರಿಸುವ ಡಿಮೆಸೆಜ್ (dmesg) ತೆರೆದಿಟ್ಟುಕೊಳ್ಳಿ. ಲಿಂಕ್ ರಿಸೆಟ್ ಆಯಿತು ಅನ್ನುವ ಸಾಲು ಕಂಡರೆ, ಅಥವಾ 6 ಗಿಗಾಬಿಟ್‌ನಲ್ಲಿ ಶುರುವಾದದ್ದು ನಡುವೆ 3ಕ್ಕೆ, 1.5ಕ್ಕೆ ಇಳಿದರೆ ಮೊದಲು ಕೇಬಲ್ಲು ಬದಲಿಸಿ. ಹೆಚ್ಚಿನ ಸಲ ಕೇಬಲ್ಲೇ ಕಳ್ಳ. ಅದನ್ನು ಬದಲಿಸಿದ ಮೇಲೂ ಅದೇ ಪೋರ್ಟಿನಲ್ಲೇ ತೊಂದರೆ ಬಂದರೆ ಪೋರ್ಟಿನದ್ದೇ ಕತೆ. ಎಲ್ಲ ಒಂದೊಂದಾಗಿ ಪಾಸಾದರೆ, ಮನೆಯಲ್ಲಿರುವ ಹಳೆ ಡಿಸ್ಕುಗಳನ್ನೆಲ್ಲ ಗುಡ್ಡೆ ಹಾಕಿ ಎಲ್ಲ ಪೋರ್ಟೂ ತುಂಬಿಸಿ, ರಾತ್ರಿಯಿಡೀ ಒಟ್ಟಿಗೆ ಓದಿಸಿ. ಒಬ್ಬೊಬ್ಬರೇ ಇದ್ದಾಗ ಸುಮ್ನೆ ಇರುವವರು ಮದುವೆ ಮನೆಯಲ್ಲಿ ಒಟ್ಟು ಸೇರಿದಾಗ ಜಗಳ ಶುರು ಮಾಡುವುದಿಲ್ಲವೇ, ಹಾಗೆಯೇ ಇದು. ಚಪ್ಪಟೆ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟು ಇರುವ ಬೋರ್ಡಾದರೆ ಇನ್ನೊಂದು ವಿಷಯ: ಅದಕ್ಕೆ ಎಸ್‌ಎಸ್‌ಡಿ ಹಾಕಿದ ಕೂಡಲೇ ಒಂದೋ ಎರಡೋ ಸಾಟಾ ಪೋರ್ಟು ಬಂದ್ ಆಗುವ ಬೋರ್ಡುಗಳು ತುಂಬಾ ಇವೆ. ಮ್ಯಾನ್ಯುಯಲ್ ನೋಡಿ, ಬೋರ್ಡು ಹಾಳಾಗಿದೆ ಅಂತ ಜಗಳಕ್ಕೆ ಹೋಗಬೇಡಿ.

ಮರುದಿನ ಹಗಲಲ್ಲಿ ಲ್ಯಾನ್ ಪೋರ್ಟು. ನಮ್ಮ ಕಡೆ ಮೇ ತಿಂಗಳ ಸಂಜೆ, ಅಕ್ಟೋಬರಿನ ಸಂಜೆ ಸಿಡಿಲು ಹೊಡೆದರೆ ಬಹಳ ಸಲ ಮೊದಲು ಹೋಗುವುದು ಇದೇ. ಲ್ಯಾಪ್‌ಟಾಪಿಗೆ ನೇರ ಕೇಬಲ್ಲು ಹಾಕಿ ನೆಟ್‌ವರ್ಕಿನ ವೇಗ ಅಳೆಯುವ ಐಪರ್ಫ್3 ಅನ್ನು ಅರ್ಧ ಗಂಟೆ ಆ ಕಡೆ, ಅರ್ಧ ಗಂಟೆ ಈ ಕಡೆ ಓಡಿಸಿ. ಗಿಗಾಬಿಟ್ ಪೋರ್ಟಾದರೆ 940 ಮೆಗಾಬಿಟ್‌ನ ಆಸುಪಾಸು ಬರಬೇಕು. 94 ಬಂದರೆ ಅದು 100ರ ಲಿಂಕಿಗೆ ಇಳಿದಿದೆ. 100ಕ್ಕೆ ಕೇಬಲ್ಲಿನ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಕೇಬಲ್ಲು ಬದಲಿಸಿದರೂ 94 ಬಂದರೆ ಪೋರ್ಟಿಗೇ ಪೆಟ್ಟಾಗಿರಬೇಕು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಖಾಲಿ ಇದ್ದರೆ ಬೇರೆ ಲ್ಯಾನ್ ಕಾರ್ಡು ಹಾಕಿಕೊಳ್ಳಬಹುದು. ಇದೊಂದು ಕಾರಣಕ್ಕೆ ಒಳ್ಳೆಯ ಬೋರ್ಡು ಬಿಡಬೇಡಿ, ಬೆಲೆ ಇಳಿಸಿ ಕೇಳಿ.

ಮೂರನೇ ರಾತ್ರಿ ಎಲ್ಲವನ್ನೂ ಕ್ಯಾಬಿನೆಟ್ಟಿಗೆ ಹಾಕಿ, ಬಾಗಿಲು ಮುಚ್ಚಿ, ಸ್ಟ್ರೆಸ್-ಎನ್‌ಜಿಯಿಂದ ಪ್ರೊಸೆಸರಿಗೆ, ಮೆಮೊರಿಗೆ ಕೆಲಸ ಕೊಟ್ಟು, ಜೊತೆಗೆ ಡಿಸ್ಕುಗಳನ್ನೂ ಓದಿಸುತ್ತಾ ಬಿಡಿ. ಹ್ಯಾಂಗ್ ಆಗಬಾರದು, ತಾನಾಗಿ ರಿಸ್ಟಾರ್ಟ್ ಆಗಬಾರದು. ಪ್ರೊಸೆಸರಿನ ಬಿಸಿ 80 ಡಿಗ್ರಿ ದಾಟಲು ನಾನು ಬಿಡುವುದಿಲ್ಲ. ಡಿಸೆಂಬರಿನಲ್ಲಿ ಟೆಸ್ಟ್ ಮಾಡುತ್ತಾ 78 ತೋರಿಸಿದರೆ ಖುಷಿಪಡಬೇಡಿ, ಮೇ ತಿಂಗಳ ಸೆಕೆಗೆ ಎಂತ ಉಳಿಯಿತು?

ನಾಲ್ಕನೇ ರಾತ್ರಿ ಏನೂ ಕೆಲಸ ಇಲ್ಲ. ಪ್ಲಗ್ ಕಿತ್ತು ಮಲಗಿ. ಬೆಳಿಗ್ಗೆ ಆನ್ ಮಾಡಿದಾಗ ಗಡಿಯಾರ ಸರಿ ಇರಬೇಕು, ಬಯಾಸ್ ಸೆಟ್ಟಿಂಗು ಹಾಗೆಯೇ ಉಳಿದಿರಬೇಕು. ಇಲ್ಲದಿದ್ದರೆ ಸಿಆರ್2032 ಬ್ಯಾಟರಿ ಬದಲಿಸಿ ಇನ್ನೊಂದು ರಾತ್ರಿ ನೋಡಿ. ಆಮೇಲೆ ಬಯಾಸಿನಲ್ಲಿ ಕರೆಂಟು ವಾಪಸ್ ಬಂದರೆ ತಾನಾಗಿ ಆನ್ ಆಗುವ ಸೆಟ್ಟಿಂಗ್ ಹಾಕಿ, ಮಾನಿಟರ್, ಕೀಬೋರ್ಡ್ ತೆಗೆದು, ಗೋಡೆಯ ಸ್ವಿಚ್ಚು ಆಫ್ ಮಾಡಿ. ಮೂವತ್ತು ಎಣಿಸಿ ಆನ್ ಮಾಡಿ. ಹೀಗೆ ಹತ್ತು ಸಲ. ಕೀಬೋರ್ಡ್ ಇಲ್ಲ ಅಂತ ಮುನಿಸಿಕೊಂಡು ನಿಲ್ಲುವ ಬೋರ್ಡುಗಳು ಇವೆ, ನೀವು ಬೆಂಗಳೂರಿನಲ್ಲಿ ಇದ್ದಾಗ ಮಲ್ಪೆಯ ಮನೆಯಲ್ಲಿ ಅದು ಹಾಗೆ ನಿಂತರೆ ಅಮ್ಮನಿಗೆ ಫೋನಿನಲ್ಲಿ ಎಫ್1 ಒತ್ತಿಸಬೇಕಾಗುತ್ತದೆ. ಹತ್ತೂ ಸಲ ಎಲ್ಲ ಡಿಸ್ಕು ಹಾಕಿಯೇ ಮಾಡಿ. ದೊಡ್ಡ ಡಿಸ್ಕು ತಿರುಗಲು ಶುರು ಮಾಡುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಆರು ಡಿಸ್ಕಿಗೆ 12 ಆಂಪಿಯರ್ ಆಯಿತು, ಸಪ್ಲೈಯ ಬಣ್ಣ ಬಯಲಾಗುವುದು ಅಲ್ಲೇ. ಡಿಸ್ಕು ಮಾತ್ರ ಇನ್ನೂ ಅದೇ ಗುಜರಿಯವು, ನೆನಪಿರಲಿ.

ಹಂಪನಕಟ್ಟೆಯ ಬೋರ್ಡನ್ನು ಆಲ್ಕೋಹಾಲ್ ಹಾಕಿ ಮೂರು ಸಲ ತಿಕ್ಕಿದೆ, ಹಸಿರು ಹೋಯಿತು, 199 ಏರುವುದು ನಿಲ್ಲಲಿಲ್ಲ. ಉಳಿದ ಐದು ಪೋರ್ಟು ನಾಲ್ಕೂ ರಾತ್ರಿ ಪಾಸಾದವು, ನಾಲ್ಕು ಡಿಸ್ಕು ಹಾಕಿಕೊಂಡು ಈಗಲೂ ಓಡುತ್ತಿದೆ. ಮೂರನೇ ಪೋರ್ಟಿನ ಬಾಯಿಗೆ ಕಪ್ಪು ಟೇಪು ಅಂಟಿಸಿದ್ದೇನೆ.